ಈಟಿ ಬೇಟೆಗೆ ಯಾವ ಸರೋವರ?

ಅಮೆರಿಕದ ಮಿನ್ನೆಸೋಟ ರಾಜ್ಯದ ಚಳಿಗಾಲದಲ್ಲಿ ಗುಂಪು ಕಟ್ಟಿಕೊಂಡು ಈಟಿಯಿಂದ ನಾರ್ದರ್ನ್ ಪೈಕ್ ಮೀನು ಹಿಡಿಯಲು ಹೊರಟಾಗ ನಾನು ಮೊದಲು ವಿಚಾರಿಸುವುದು ಮೀನನ್ನಲ್ಲ, ನೀರನ್ನು. ಹೆಪ್ಪುಗಟ್ಟಿದ ಸರೋವರದ ಮೇಲೆ ಬೆಳಕು ಒಳಬರದಂತೆ ಹಾಕಿದ ಕತ್ತಲೆ ಗುಡಿಸಲಿನಲ್ಲಿ ಕುಳಿತು ಮಂಜುಗಡ್ಡೆಯ ಕಂಡಿಯೊಳಗೆ ಇಣುಕಿದರೆ ತಳದ ಕಲ್ಲು ಕಾಣಬೇಕು. ಕದಡಿದ ನೀರನ್ನು ಗಾಳದವರಿಗೆ ಬಿಟ್ಟುಬಿಡಿ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೇಕ್‌ಫೈಂಡರ್ ಜಾಲತಾಣದಲ್ಲಿ ನೀರಿನ ತಿಳಿ, ಮೀನಿನ ಸಮೀಕ್ಷೆ, ಆಳದ ನಕ್ಷೆ ಸಿಗುತ್ತವೆ. ಈಟಿಗೆ ನಿಷೇಧವಿದೆಯೇ ಎಂಬುದನ್ನು ಆ ವರ್ಷದ ನಿಯಮ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ನಕ್ಷೆಯಲ್ಲಿ 6ರಿಂದ 12 ಅಡಿ ಆಳದ, ನೀರುಗಿಡಗಳು ಇನ್ನೂ ಹಸಿರಾಗಿರುವ ಅಂಚನ್ನು ಹುಡುಕಿ. ಒಬ್ಬರಿಗಾದರೆ ಒಂದು ಮೂಲೆ ಸಾಕು. ಗುಂಪಿಗೆ ಆ ಅಂಚು ಉದ್ದವಾಗಿರಬೇಕು. ಗುಡಿಸಲುಗಳು ಒತ್ತೊತ್ತಾಗಿದ್ದರೆ ಒಬ್ಬರ ಬೂಟಿನ ಸದ್ದಿಗೆ ಇನ್ನೊಬ್ಬರ ಮೀನು ಪರಾರಿ.

ಪೈಕ್‌ನ ಹತ್ತಿರದ ಸಂಬಂಧಿಯಾದ ಮಸ್ಕಿ ಎಂಬ ಮೀನು ಇರುವ ಸರೋವರಕ್ಕೆ ಹೊಸಬರನ್ನು ನಾನಂತೂ ಕರೆದೊಯ್ಯುವುದಿಲ್ಲ. ಆ ಮೀನನ್ನು ಈಟಿಯಿಂದ ಹೊಡೆಯುವುದು ಕಾನೂನುಬಾಹಿರ. ಪೈಕ್‌ಗೆ ಗಾಢ ಮೈಮೇಲೆ ತಿಳಿ ಚುಕ್ಕೆ, ಮಸ್ಕಿಗೆ ತಿಳಿ ಮೈಮೇಲೆ ಗಾಢ ಗುರುತು. ಕೈ ನಡುಗುವ ಆ ಕ್ಷಣದಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತದೆ?

ನಡೆಯಲು ಹೊಸ, ಗಟ್ಟಿ ಮಂಜುಗಡ್ಡೆ ಕನಿಷ್ಠ 4 ಇಂಚು ಬೇಕು. ತೊರೆ ಬಂದು ಸೇರುವ ಕಡೆ ಅದು ತೆಳುವಾಗಿರುತ್ತದೆ; ಅಂಥ ದಡದಿಂದ ಇಳಿಯಬೇಕಾದ ಸರೋವರವನ್ನು ಪಟ್ಟಿಯಿಂದಲೇ ಹೊಡೆದುಹಾಕಿ.