ಈ ದಿನದ ವಿಶೇಷ: ಬೋರ್ಡಿನಲ್ಲಿ ನಮ್ಮ ಕಡೆಗೂ ಒಂದು ಸಾಲು

ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಸುದ್ದಿ, ಗಾದೆ ಎಲ್ಲ ಆದ ಮೇಲೆ 'ಈ ದಿನದ ವಿಶೇಷ' ಅಂತ ಒಂದು ಭಾಗ ಇರುತ್ತದೆ. ಹಿಂದೆ ಇದೇ ತಾರೀಖಿಗೆ ಏನೇನಾಯಿತು, ಯಾರ್ಯಾರು ಹುಟ್ಟಿದರು ಅನ್ನುವ ಪಟ್ಟಿ. ಗೇಟಿನ ಹತ್ತಿರದ ಕರಿಹಲಗೆಯ ಮೇಲೂ ಅದನ್ನೇ ಬರೆಯುತ್ತೇವೆ. ಕೆಲವು ವರ್ಷಗಳಿಂದ ಈ ಕೆಲಸ ನನ್ನ ಪಾಲಿಗಿದೆ. ತುಂಬಾ ಇಷ್ಟಪಟ್ಟು ಮಾಡುತ್ತೇನೆ. ಹೇಗೆ ಮಾಡ್ತೀರಿ ಅಂತ ಬೇರೆ ಶಾಲೆಯ ಗೆಳೆಯರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊಬೈಲಿನಲ್ಲಿ ಯಾವ ತಾರೀಖು ಹುಡುಕಿದರೂ ಉದ್ದನೆಯ ಪಟ್ಟಿ ಸಿಗುತ್ತದೆ. ಎಲ್ಲೋ ಒಬ್ಬ ರಾಜ ಪಟ್ಟಕ್ಕೆ ಬಂದ, ಎಲ್ಲೋ ಒಂದು ಹಡಗು ಮುಳುಗಿತು. ಅದನ್ನು ಹಾಗೇ ಓದಿದರೆ ಮಕ್ಕಳ ಕಿವಿಗೆ ಬೀಳುವುದಿಲ್ಲ. ಬಿಸಿಲಿಗೆ ನಿಂತವರು ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಾರೆ. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿ ನೇರವಾಗಿ ಕೇಳಿದಳು: "ಸರ, ಇದರಾಗ ನಮ್ಮ ಕಡೀದು ಒಂದೂ ಇಲ್ಲೇನ್ರಿ?" ಆ ಪ್ರಶ್ನೆ ನನಗೆ ದಾರಿ ತೋರಿಸಿತು. ಈಗ ಯಾವ ದಿನವಾದರೂ ಮೊದಲು ನಮ್ಮ ಭಾಗದ ಒಂದು ಸಾಲು ಹುಡುಕುತ್ತೇನೆ. ಕಲಬುರಗಿ, ಬೀದರ್, ಯಾದಗಿರಿ, ಎಲ್ಲಿಯದಾದರೂ ಸರಿ. ಆಮೇಲೆ ಅದಕ್ಕೆ ಹೊಂದುವ ಹಾಗೆ ಹೊರಗಿನವು ಎರಡೋ ಮೂರೋ. ಅಷ್ಟೇ. ನಾಲ್ಕು ಸಾಲು ದಾಟಿದರೆ ಯಾರೂ ನೆನಪಿಡುವುದಿಲ್ಲ.

ಇದಕ್ಕೆ ಒಂದು ಹಳೆಯ ಡೈರಿ ಇಟ್ಟುಕೊಂಡಿದ್ದೇನೆ. ದಿನಕ್ಕೊಂದು ಪುಟ. ಮೇಲಿನ ಅರ್ಧ ನಮ್ಮದು, ಕೆಳಗಿನ ಅರ್ಧ ಹೊರಗಿನದು.

ಜೂನ್ 28 ತೆಗೆದುಕೊಳ್ಳಿ. 1914ರಲ್ಲಿ ಅದೇ ದಿನ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್‌ನನ್ನು ಗುಂಡಿಟ್ಟು ಕೊಂದರು. ಮೊದಲ ಮಹಾಯುದ್ಧಕ್ಕೆ ಕಿಡಿ ಹತ್ತಿದ್ದು ಅಲ್ಲಿಂದ. ಸರಿಯಾಗಿ ಐದು ವರ್ಷಕ್ಕೆ, 1919ರ ಜೂನ್ 28ರಂದು, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿತ್ತು. ಪಠ್ಯಪುಸ್ತಕದಲ್ಲಿ ಇವೆರಡೂ ಇವೆ. ಆದರೆ ತಾರೀಖು ಒಂದೇ ಅಂತ ಮಕ್ಕಳು ಗಮನಿಸಿರುವುದಿಲ್ಲ. ಇನ್ನೆರಡು ವರ್ಷಕ್ಕೆ, 1921ರಲ್ಲಿ, ಅದೇ ದಿನ ಪಿ.ವಿ. ನರಸಿಂಹರಾವ್ ವಾರಂಗಲ್ ಕಡೆ ಹುಟ್ಟಿದರು. ಆಗ ವಾರಂಗಲ್ಲೂ ನಿಜಾಮರ ರಾಜ್ಯ, ಕಲಬುರಗಿಯೂ ನಿಜಾಮರ ರಾಜ್ಯ. ಅಂದರೆ ಪ್ರಧಾನಿಯಾದ ಆ ಮನುಷ್ಯ ಹುಟ್ಟಿದಾಗ ನಮ್ಮ ಅಜ್ಜ ಇದ್ದ ರಾಜ್ಯದವರೇ! ಇದನ್ನು ಹೇಳಿದ ಕೂಡಲೇ ಸಾಲಿನಲ್ಲಿ ನಿಂತವರ ಮುಖ ಮೇಲೇಳುತ್ತದೆ. ಮೇಲಿನ ಅರ್ಧದಲ್ಲಿ ಗೀತಾ ನಾಗಭೂಷಣ ಅವರ ಹೆಸರಿದೆ. ಕಲಬುರಗಿ ಹತ್ತಿರದ ಸಾವಳಗಿಯವರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕನ್ನಡದ ಮೊದಲ ಲೇಖಕಿ. 2010ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ತೀರಿಕೊಂಡದ್ದು 2020ರ ಜೂನ್ 28. ಹುಟ್ಟಿದ ದಿನ ಮಾರ್ಚ್ 25. ನಾನು ಎರಡೂ ದಿನ ಬರೆಯುತ್ತೇನೆ. ನಮ್ಮ ಹುಡುಗಿಯರಿಗೆ ಈ ಹೆಸರು ವರ್ಷಕ್ಕೆ ಎರಡು ಸಲ ಕಣ್ಣಿಗೆ ಬೀಳಲಿ.

ಫೆಬ್ರವರಿ 28 ಎಲ್ಲ ಶಾಲೆಗೂ ವಿಜ್ಞಾನ ದಿನ. 1928ರಲ್ಲಿ ಅಂದು ಸಿ.ವಿ. ರಾಮನ್ ಕಲ್ಕತ್ತಾದಲ್ಲಿ ರಾಮನ್ ಪರಿಣಾಮವನ್ನು ಕಂಡುಕೊಂಡರು. ಅದೇ ದಿನ, 1924ರಲ್ಲಿ, ಚಿಂಚೋಳಿಯಲ್ಲಿ ವೀರೇಂದ್ರ ಪಾಟೀಲರು ಹುಟ್ಟಿದ್ದರು. ಎರಡು ಸಲ ಮುಖ್ಯಮಂತ್ರಿಯಾದವರು. ವಿಜ್ಞಾನ ಶಿಕ್ಷಕರು ರಾಮನ್ ಬಗ್ಗೆ ಹೇಳುತ್ತಾರೆ, ನಾನು ಪಾಟೀಲರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪಾಟೀಲರು ತೀರಿಕೊಂಡ ದಿನ ಮಾರ್ಚ್ 14, 1997. ಅದು ಐನ್‌ಸ್ಟೈನ್ ಹುಟ್ಟಿದ ದಿನ, 1879. ಸ್ಟೀಫನ್ ಹಾಕಿಂಗ್ ತೀರಿದ ದಿನ, 2018. ಕಾರ್ಲ್ ಮಾರ್ಕ್ಸ್ ತೀರಿದ ದಿನ, 1883. ಒಂದೇ ಮನುಷ್ಯನ ಎರಡು ತಾರೀಖಿಗೆ ಇಷ್ಟೆಲ್ಲ ಬಂದು ಸೇರುತ್ತದೆ.

ಡೈರಿಯಲ್ಲಿ ಫೆಬ್ರವರಿ 29ಕ್ಕೂ ಒಂದು ಹಾಳೆ ಅಂಟಿಸಿದ್ದೇನೆ. ಮೊರಾರ್ಜಿ ದೇಸಾಯಿ 1896ರ ಫೆಬ್ರವರಿ 29ರಂದು ಹುಟ್ಟಿದವರು. ನಮ್ಮ ಮಕ್ಕಳಿಗೆ 'ಮೊರಾರ್ಜಿ' ಅಂದರೆ ವಸತಿ ಶಾಲೆ. ಅದೊಂದು ಮನುಷ್ಯನ ಹೆಸರು ಅಂತ ಗೊತ್ತಾಗುವುದು ಆ ದಿನವೇ. 1900ರಲ್ಲಿ ಫೆಬ್ರವರಿ 29 ಬರಲೇ ಇಲ್ಲ. ಹಾಗಾಗಿ ಅವರ ಮೊದಲ ಹುಟ್ಟುಹಬ್ಬಕ್ಕೆ ಎಂಟು ವರ್ಷ ಕಾಯಬೇಕಾಯಿತು. ಯಾಕೆ ಅಂತ ಲೆಕ್ಕ ಹಾಕಲು ಗಣಿತದ ಅವಧಿಗೆ ಬಿಟ್ಟುಬಿಡುತ್ತೇನೆ.

ಜುಲೈ 21ರ ಪುಟ ನನಗೆ ತುಂಬಾ ಪ್ರಿಯ. 1942ರಲ್ಲಿ ಅಂದು ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಹುಟ್ಟಿದರು. 2009ರಲ್ಲಿ ಗಂಗೂಬಾಯಿ ಹಾನಗಲ್ ತೀರಿಕೊಂಡರು. ಇದರ ಜೊತೆಗೆ ನಾನು ಚಂದ್ರನನ್ನೂ ಬರೆಯುತ್ತೇನೆ. ಎಲ್ಲ ಪಟ್ಟಿಯಲ್ಲೂ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಜುಲೈ 20 ಅಂತಲೇ ಇರುತ್ತದೆ. ಅದು ಅಮೆರಿಕದ ತಾರೀಖು. ನೀಲ್ ಆರ್ಮ್‌ಸ್ಟ್ರಾಂಗ್ ಏಣಿಯಿಂದ ಕಾಲು ಕೆಳಗಿಟ್ಟಾಗ ಅಲ್ಲಿ ರಾತ್ರಿ. ನಮ್ಮಲ್ಲಿ 1969ರ ಜುಲೈ 21, ಬೆಳಿಗ್ಗೆ 8 ಗಂಟೆ 26 ನಿಮಿಷ. ಖರ್ಗೆಯವರಿಗೆ ಅಂದು 27 ತುಂಬಿತ್ತು. ಶಾಲೆಗೆ ಹೊರಡುವ ಹೊತ್ತಿಗೆ ಚಂದ್ರನ ಮೇಲೆ ಮನುಷ್ಯ ನಡೆಯುತ್ತಿದ್ದ ಅಂದರೆ ಮಕ್ಕಳಿಗೆ ರೋಮಾಂಚನ ಆಗುತ್ತದೆ. ಅದಕ್ಕೇ ಹೊರದೇಶದ ಘಟನೆ ಬರೆಯುವಾಗ ಅಲ್ಲಿಯ ಗಂಟೆಯನ್ನೂ ನೋಡುತ್ತೇನೆ. ಅಮೆರಿಕದ ಸಂಜೆ ನಮಗೆ ಮರುದಿನದ ಬೆಳಗು.

ಡಿಸೆಂಬರ್ 25 ರಜೆ. ಬೋರ್ಡನ್ನು ಹಿಂದಿನ ದಿನವೇ ಬರೆದಿಡುತ್ತೇನೆ. ಆ ದಿನ ನಮ್ಮ ತಾಲ್ಲೂಕಿನದೇ ಹೆಸರು: ಧರಂ ಸಿಂಗ್, 1936, ನೆಲೋಗಿ. ಮುಖ್ಯಮಂತ್ರಿಯಾದವರು. ಕೆಳಗೆ ಮದನ ಮೋಹನ ಮಾಳವೀಯ, 1861. ಜಿನ್ನಾ, 1876. ವಾಜಪೇಯಿ, 1924. ನ್ಯೂಟನ್‌ನ ಹೆಸರೂ ಬರುತ್ತದೆ, ಆದರೆ ಅಲ್ಲಿ ಒಂದು ತೊಡಕಿದೆ. ಅವನು 1642ರ ಡಿಸೆಂಬರ್ 25ರಂದು ಹುಟ್ಟಿದ್ದು ಇಂಗ್ಲೆಂಡಿನ ಹಳೆಯ ಜೂಲಿಯನ್ ಕ್ಯಾಲೆಂಡರಿನ ಪ್ರಕಾರ. ಈಗಿನ ಲೆಕ್ಕದಲ್ಲಿ ಅದು 1643ರ ಜನವರಿ 4. ರಷ್ಯಾದ ಅಕ್ಟೋಬರ್ ಕ್ರಾಂತಿಯನ್ನು ನವೆಂಬರ್ 7ಕ್ಕೆ ಬರೆಯುವುದೂ ಇದೇ ಕಾರಣಕ್ಕೆ. ಒಂದು ಹೆಸರಿಗೆ ಎರಡು ಪಟ್ಟಿಯಲ್ಲಿ ಎರಡು ತಾರೀಖು ಸಿಕ್ಕರೆ, ಮಧ್ಯೆ ಹತ್ತರಿಂದ ಹದಿಮೂರು ದಿನದ ಅಂತರ ಇದ್ದರೆ, ಮೊದಲು ಕ್ಯಾಲೆಂಡರಿನ ಮೇಲೆ ಅನುಮಾನ ಪಡಿ.

ಕ್ಯಾಲೆಂಡರಿನ ತೊಡಕು ನಮ್ಮ ಭಾಗಕ್ಕೇನೂ ಹೊಸದಲ್ಲ. ನಿಜಾಮರ ಕಾಲದ ಸರ್ಕಾರಿ ಕಾಗದಗಳಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಇರುತ್ತಿತ್ತು. ಆಜೂರ್, ದೈ, ಬಹಮನ್ ಅಂತ ತಿಂಗಳುಗಳು. ವರ್ಷ ಶುರುವಾಗುವುದು ಅಕ್ಟೋಬರಿನ ಮೊದಲ ವಾರದ ಸುಮಾರಿಗೆ. ಹಾಗಾಗಿ ಇಂಗ್ಲಿಷ್ ವರ್ಷ ಬೇಕಾದರೆ ಫಸಲಿ ವರ್ಷಕ್ಕೆ ಡಿಸೆಂಬರ್ ತನಕದ ತಿಂಗಳಾದರೆ 590 ಕೂಡಿಸಬೇಕು, ಜನವರಿಯಿಂದ ಮುಂದಕ್ಕೆ 591. ಮನೆಯಲ್ಲಿ ಅಜ್ಜನ ಹಳೆಯ ಕಾಗದದ ಮೇಲೆ 1350 ಅಂತ ಕಂಡರೆ ಮಕ್ಕಳು ಗಾಬರಿಯಾಗುತ್ತಾರೆ. ಬಹಮನಿ ಸುಲ್ತಾನರ ಕಾಲದ್ದೇ ಅಂದುಕೊಳ್ಳುತ್ತಾರೆ. ಅದು 1940–41 ಅಂತ ತಿಳಿದ ಮೇಲೆ ಅವರೇ ಬೇರೆ ಬೇರೆ ಕಾಗದ ತಂದು ಲೆಕ್ಕ ಹಾಕಿ ತೋರಿಸುತ್ತಾರೆ.

ಇನ್ನು ಕೆಲವು ದೊಡ್ಡ ದಿನಗಳು ಇಂಗ್ಲಿಷ್ ತಾರೀಖಿಗೆ ನಿಲ್ಲುವುದೇ ಇಲ್ಲ. ಶರಣಬಸವೇಶ್ವರರ ಜಾತ್ರೆ ಹೋಳಿ ಹುಣ್ಣಿಮೆ ಆದ ಮೇಲೆ. ಬಸವ ಜಯಂತಿ ಅಕ್ಷಯ ತೃತೀಯಕ್ಕೆ. ಕಲಬುರಗಿಯ ಸೂಫಿ ಸಂತ ಖಾಜಾ ಬಂದೇನವಾಜರ ಉರುಸು ಹಿಜರಿಯ ಜುಲ್ಖಾದಾ ತಿಂಗಳಲ್ಲಿ. ಚಾಂದ್ರಮಾನದ ಹಿಜರಿ ವರ್ಷ ಚಿಕ್ಕದು, ಅದಕ್ಕೆ ಉರುಸು ವರ್ಷವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಇವನ್ನು ಬಿಟ್ಟು ಕಲಬುರಗಿಯ ಪಟ್ಟಿ ಮಾಡುವುದು ಸರಿಯಲ್ಲ. ಹಾಗಾಗಿ ಬೋರ್ಡಿನ ಬಲಮೂಲೆಯಲ್ಲಿ ತಿಥಿಗೆ ಬೇರೆ ಜಾಗ ಮಾಡಿದ್ದೇನೆ.

ಬಂದೇನವಾಜರು ತೀರಿಕೊಂಡದ್ದು ಹಿಜರಿ 825ರ ಜುಲ್ಖಾದಾ 16. ಇಂಗ್ಲಿಷ್ ತಾರೀಖಿಗೆ ಹೊಂದಿಸಿದರೆ ಸಿಗುವುದು 1422ರ ನವೆಂಬರ್ 1. ಹೌದು, ನಮ್ಮ ರಾಜ್ಯೋತ್ಸವದ ದಿನ! ಅದೂ ಹಳೆಯ ಜೂಲಿಯನ್ ಲೆಕ್ಕವೇ, ಆದರೂ ಆ ಪುಟದಲ್ಲಿ ಅದನ್ನು ಬರೆದಾಗ ನನಗಾದ ಖುಷಿ ಹೇಳತೀರದು. ನವೆಂಬರ್ 1ರ ಪುಟ ಪೂರ್ತಿ ನಮ್ಮದೇ. 1956ರಲ್ಲಿ ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಿಂದ ಬಂದು ಕನ್ನಡ ನಾಡಿಗೆ ಸೇರಿದವು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯಿತು. 2014ರಲ್ಲಿ ಗುಲ್ಬರ್ಗ ಕಲಬುರಗಿ ಆಯಿತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ದಿನವೇ, ಅದೇ 1973ರಲ್ಲೇ, ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದ್ದು. ಇದನ್ನು ಕೇಳಿದ ಮಗು 1973ನ್ನು ಪರೀಕ್ಷೆಯಲ್ಲಿ ಮರೆಯುವುದಿಲ್ಲ. ಸಿನಿಮಾ, ಕ್ರಿಕೆಟ್ ಹೆಸರು ಯಾಕೆ ಬರೀತೀರಿ ಅಂತ ಕೆಲವರು ಕೇಳುತ್ತಾರೆ. ಇದಕ್ಕೇ ಬರೆಯುತ್ತೇನೆ.

ಈಗ ಸೆಪ್ಟೆಂಬರ್ 17ಕ್ಕೆ ಬರುತ್ತೇನೆ. ಆಗಸ್ಟ್ 15 ಆದ ಮೇಲೆ ನಮ್ಮಲ್ಲಿ ಮತ್ತೊಮ್ಮೆ ಧ್ವಜ ಏರುವ ದಿನ. ಬೆಂಗಳೂರು, ಮೈಸೂರಿನ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ನಮ್ಮ ಮಕ್ಕಳಿಗೆ ಧ್ವಜ ಗೊತ್ತು, ಕಾರಣ ಪೂರ್ತಿ ಗೊತ್ತಿರುವುದಿಲ್ಲ. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ನಿಜಾಮರ ಪರವಾಗಿ ಆಯುಧ ಹಿಡಿದಿದ್ದ ರಜಾಕಾರರ ಹಾವಳಿ ಹಳ್ಳಿಗಳನ್ನು ನಡುಗಿಸಿತು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧರಿ ನೇತೃತ್ವದ ಪಡೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ದಾರಿಯಲ್ಲಿ ಒಳಗೆ ಬಂತು. 17ರಂದು ನಿಜಾಮರು ರೇಡಿಯೊದಲ್ಲಿ ಕದನ ನಿಲ್ಲಿಸಿರುವುದಾಗಿ ಹೇಳಿದರು. ಅವರ ಸೇನೆಯ ಮುಖ್ಯಸ್ಥ ಎಲ್ ಎಡ್ರೂಸ್ ಚೌಧರಿಯವರಿಗೆ ಶರಣಾದದ್ದು ಮರುದಿನ, 18ರಂದು. ಈ ಎರಡು ತಾರೀಖನ್ನು ನಾನು ಬಿಡಿಸಿ ಬರೆಯುತ್ತೇನೆ. ಇಲ್ಲದಿದ್ದರೆ ಒಂದು ಪುಸ್ತಕದಲ್ಲಿ 17, ಇನ್ನೊಂದರಲ್ಲಿ 18 ನೋಡಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಅದೇ 17ರಂದು, ಅದೇ 1948ರಲ್ಲಿ, ದೂರದ ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಫೋಲ್ಕ್ ಬರ್ನಡೋಟ್ ಅವರನ್ನು ಕೊಂದರು. ನಮ್ಮಲ್ಲಿ ಗುಂಡಿನ ಸದ್ದು ನಿಂತ ದಿನ ಅಲ್ಲಿ ಸಂಧಾನ ಮಾಡಲು ಹೋದವರೇ ಗುಂಡಿಗೆ ಬಲಿಯಾದರು. ಹತ್ತನೇ ತರಗತಿಗೆ ಇದನ್ನು ಹೇಳಿ ಸುಮ್ನೆ ಒಂದು ನಿಮಿಷ ಬಿಡುತ್ತೇನೆ. ಪ್ರಶ್ನೆಗಳು ತಾವಾಗಿ ಬರುತ್ತವೆ.

ಹುಟ್ಟುಹಬ್ಬಗಳೂ ಆ ದಿನ ದೊಡ್ಡವೇ. ಪೆರಿಯಾರ್, 1879. ಚಿತ್ರಕಾರ ಎಂ.ಎಫ್. ಹುಸೇನ್, 1915, ಪಂಢರಪುರ. ಕಾರ್ಕಳದ ಅನಂತ ಪೈ, 1929, ಮಕ್ಕಳ ಕೈಗೆ ಚಿತ್ರಕಥೆ ಕೊಟ್ಟವರು. ನರೇಂದ್ರ ಮೋದಿ, 1950. ಕ್ರಿಕೆಟಿಗ ಅಶ್ವಿನ್, 1986. ಪಂಢರಪುರ ಅಂದರೆ ನಮ್ಮ ಮಕ್ಕಳಿಗೆ ವಿಠ್ಠಲ, ದಿಂಡಿ. ಅಲ್ಲೇ ಒಬ್ಬ ದೊಡ್ಡ ಚಿತ್ರಕಾರ ಹುಟ್ಟಿದ ಅಂತ ತಿಳಿದರೆ ಚಿತ್ರ ಬಿಡಿಸುವ ಹುಡುಗರಿಗೆ ಹುರುಪು. ಮರುದಿನ, 18ಕ್ಕೆ, ವಿಷ್ಣುವರ್ಧನ್. ಅವರೂ 1950ರಲ್ಲೇ ಹುಟ್ಟಿದವರು. ಮೋದಿಯವರಿಗಿಂತ ಒಂದು ದಿನ ಚಿಕ್ಕವರು.

ರಾಜಕೀಯದವರ ಹೆಸರು ಬರೆಯುವಾಗ ನನ್ನದೊಂದು ಕಟ್ಟುನಿಟ್ಟು ಇದೆ. ಹೆಸರು, ವರ್ಷ, ಊರು, ಹುದ್ದೆ ಇದ್ದರೆ ಹುದ್ದೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಖರ್ಗೆಯವರಿಗೂ ಅಷ್ಟೇ, ಮೋದಿಯವರಿಗೂ ಅಷ್ಟೇ. ಶಾಲೆಯ ಗೋಡೆಗೆ ಯಾವ ಪಕ್ಷವೂ ಇಲ್ಲ.

ಹುಟ್ಟಿದ ದಿನಗಳ ಬಗ್ಗೆ ಶಾಲೆಯವರಿಗೆ ಗೊತ್ತಿರುವ ಒಂದು ಸಂಗತಿ ಹೇಳಲೇಬೇಕು. ಯಾವುದೇ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆಯಿರಿ, ಜೂನ್ 1ರಂದು ಹುಟ್ಟಿದವರ ಸಾಲೇ ಸಾಲು. ಮನೆಯವರಿಗೆ ತಾರೀಖು ಗೊತ್ತಿಲ್ಲ, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕು, ಮಾಸ್ತರರು ಜೂನ್ 1 ಬರೆದರು. ದೊಡ್ಡವರ ವಿಷಯದಲ್ಲೂ ಹೀಗಾಗಿದೆ. ಕಲ್ಪನಾ ಚಾವ್ಲಾ ಹುಟ್ಟಿದ್ದು 1962ರ ಮಾರ್ಚ್ 17. ಮೆಟ್ರಿಕ್ ಪರೀಕ್ಷೆಗೆ ವಯಸ್ಸು ಸಾಲಲಿ ಅಂತ ದಾಖಲೆಯಲ್ಲಿ 1961ರ ಜುಲೈ 1 ಆಯಿತು. ನಾನು ಮಾರ್ಚ್ 17ಕ್ಕೇ ಬರೆಯುತ್ತೇನೆ. ಅವತ್ತೇ ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬ, ಸೈನಾ ನೆಹ್ವಾಲ್ ಹುಟ್ಟುಹಬ್ಬ.

ತರಗತಿಯ ಮಕ್ಕಳ ಹುಟ್ಟುಹಬ್ಬವನ್ನೂ ಡೈರಿಗೆ ಸೇರಿಸಿದ್ದೇನೆ. 23 ಜನ ಇದ್ದರೆ ಸಾಕು, ಯಾರಾದರೂ ಇಬ್ಬರ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 40 ಜನ ಇದ್ದರೆ ನೂರಕ್ಕೆ ಸುಮಾರು 89. ಮಕ್ಕಳು ಮೊದಲು ನಂಬುವುದಿಲ್ಲ. ಎದ್ದು ನಿಂತು ತಾರೀಖು ಹೇಳಿಸಿದ ಮೇಲೆ ನಂಬುತ್ತಾರೆ.

ತಾರೀಖೇ ಗೊತ್ತಿಲ್ಲದ ಹಿರಿಯರು ಮನೆಮನೆಯಲ್ಲಿ ಇದ್ದಾರೆ. "ರಜಾಕಾರರ ಗದ್ದಲದಾಗ ಹುಟ್ಟೀನಿ," "ಎಪ್ಪತ್ತೆರಡರ ಬರದಾಗ ನಿಮ್ಮಪ್ಪ ಅಂಬೆಗಾಲು ಇಡತಿದ್ದ," ಅಂತ ಹೇಳುತ್ತಾರೆ. ಇಂಥ ಮಾತನ್ನು ಬರೆದು ತನ್ನಿ ಅಂತ ಮಕ್ಕಳಿಗೆ ಹೇಳಿದ್ದೇನೆ. ಡೈರಿಯ ಕೊನೆಯ ಖಾಲಿ ಹಾಳೆಗಳಲ್ಲಿ ಅವನ್ನು ವರ್ಷದ ಪ್ರಕಾರ ಬರೆಯುತ್ತಿದ್ದೇವೆ. ಸೆಪ್ಟೆಂಬರ್ ಬಂದಾಗ ಅದರಿಂದ ಒಂದು ಮಾತು ಬೋರ್ಡಿಗೆ ಏರುತ್ತದೆ, ಕೆಳಗೆ ಆ ಅಜ್ಜಿಯ ಮೊಮ್ಮಗಳ ತರಗತಿ ಇರುತ್ತದೆ.

ಒಂದೇ ಕೊರತೆ ಬೇಸಿಗೆ ರಜೆಯದು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಏಪ್ರಿಲ್ 24ರ ರಾಜ್‌ಕುಮಾರ್ ಮತ್ತು ಸಚಿನ್, ಅದೇ ದಿನದ ಪಂಚಾಯತ್ ರಾಜ್ ದಿನ, ಎಲ್ಲ ರಜೆಯಲ್ಲೇ ಬರುತ್ತವೆ. ಈಗ ರಜೆಯ ಎಲ್ಲ ದಿನಗಳನ್ನೂ ಒಂದು ಹಾಳೆಯಲ್ಲಿ ಬರೆದು ಝೆರಾಕ್ಸ್ ಮಾಡಿಸಿ ಕೊನೆಯ ದಿನ ಕೈಗೆ ಕೊಡುತ್ತೇನೆ. ಪ್ರತಿ ತಾರೀಖಿನ ಪಕ್ಕ ಒಂದು ಗೆರೆ ಖಾಲಿ ಇರುತ್ತದೆ. ತಮ್ಮ ಊರಿನ ಸಾಲನ್ನು ಅವರು ಅಲ್ಲಿ ಬರೆದುಕೊಂಡು ಜೂನ್‌ನಲ್ಲಿ ತರಬೇಕು.