ಹಳದಿ ಗೆರೆಗಳ ದಾರಿ: ಫಿಂಚಿಂಗ್‌ಫೀಲ್ಡ್ ಸುತ್ತ ನನ್ನ ಸೈಕಲ್ ಸುತ್ತಾಟ

ಇಂಗ್ಲೆಂಡಿನ ಬ್ರೇನ್‌ಟ್ರೀ ಪಟ್ಟಣಕ್ಕೆ ಮನೆ ಬದಲಿಸಿದ ಮೊದಲ ಬೇಸಿಗೆಯಲ್ಲೇ ನಾನು ಸೈಕಲ್ಲು ಕೊಂಡೆ. ಅಲ್ಲಿಂದ ಸುಮಾರು 14 ಕಿ.ಮೀ. ದೂರದಲ್ಲಿ ಫಿಂಚಿಂಗ್‌ಫೀಲ್ಡ್ ಎಂಬ ಹಳ್ಳಿಯಿದೆ. ಲಂಡನ್ನಿನ ಈಶಾನ್ಯಕ್ಕಿರುವ ಎಸೆಕ್ಸ್ ಕೌಂಟಿಯ ಊರು. ನಡುವೆ ಹುಲ್ಲುಹಾಸು, ಬಾತುಕೋಳಿಗಳ ಕೊಳ, ಸಣ್ಣದೊಂದು ಇಟ್ಟಿಗೆ ಸೇತುವೆ, ದಿಬ್ಬದ ಮೇಲೆ ಚರ್ಚು. ಭಾನುವಾರ ಬೆಳಿಗ್ಗೆ ಹೋದರೆ ಆ ಹುಲ್ಲಿನ ಮೇಲೆ ಸೈಕಲ್ಲುಗಳು ಮಲಗಿರುತ್ತವೆ, ಪಕ್ಕದಲ್ಲಿ ಅವುಗಳ ಒಡೆಯರು ಟೀ ಕುಡಿಯುತ್ತಾ ಕೂತಿರುತ್ತಾರೆ. ಈ ಹಳ್ಳಿಯನ್ನೇ ನಡುವಿಟ್ಟುಕೊಂಡು ಆರು ವರ್ಷದಿಂದ ನಾನು ಸುತ್ತುತ್ತಿದ್ದೇನೆ.

ಶುರುವಿನಲ್ಲಿ ತಪ್ಪು ದಾರಿ ಹಿಡಿದಿದ್ದೆ. 2014ರ ಜುಲೈ 7ರಂದು ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಇಲ್ಲಿ ಹಾದುಹೋಗಿತ್ತು. ಕೇಂಬ್ರಿಡ್ಜಿನಲ್ಲಿ ಹೊರಟು ಸ್ಯಾಫ್ರನ್ ವಾಲ್ಡನ್, ಫಿಂಚಿಂಗ್‌ಫೀಲ್ಡ್ ದಾಟಿ ಲಂಡನ್ನಿಗೆ ಹೋದ ಹಂತ ಅದು. ಮಾರ್ಸೆಲ್ ಕಿಟೆಲ್ ಗೆದ್ದರು. ಅಂಥವರು ಓಡಿಸಿದ ರಸ್ತೆ ಅಂದರೆ ಚೆನ್ನಾಗೇ ಇರಬೇಕು ಅಲ್ವಾ ಅಂತ ನಾನೂ ಬಿ1053 ರಸ್ತೆ ಹಿಡಿದೆ. ಆ ದಿನ ಅವರಿಗೆ ರಸ್ತೆ ಮುಚ್ಚಿಕೊಟ್ಟಿದ್ದರು. ನನಗೆ ಯಾರು ಮುಚ್ಚಿಕೊಡುತ್ತಾರೆ? ತಿರುವು ತಿರುವಿನಲ್ಲೂ ಹಿಂದೆ ಕಾರು. ಮೈಯೆಲ್ಲ ಕಿವಿಯಾಗಿ ಓಡಿಸಿದೆ. ಮನೆಗೆ ಬಂದಾಗ ಕಾಲಿಗಿಂತ ಹೆಗಲು ಜಾಸ್ತಿ ನೋಯುತ್ತಿತ್ತು.

ಆಮೇಲೆ ಫೋನಿನ ಒಂದು ಆ್ಯಪ್ ನಂಬಿದೆ. ಅದು ಗದ್ದೆಯ ನಡುವಿನ ಕುದುರೆ ದಾರಿಗೆ ಕರೆದೊಯ್ದಿತು. ಫೆಬ್ರವರಿ ತಿಂಗಳು. ಇಲ್ಲಿನ ನೆಲ ಜೇಡಿಮಣ್ಣು. ನೂರು ಹೆಜ್ಜೆಯೊಳಗೆ ಮಣ್ಣು ಬ್ರೇಕಿಗೂ ಟೈರಿಗೂ ನಡುವೆ ತುಂಬಿಕೊಂಡು ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಲ್ಲಿ ಕೆರೆದು ಕೆರೆದು, ಕೊನೆಗೆ ಸೈಕಲ್ಲನ್ನು ಹೆಗಲಿಗೇರಿಸಿ ವಾಪಸ್ ನಡೆದೆ.

ಆ ವಾರವೇ ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 195ನೇ ನಕ್ಷೆ ಕೊಂಡೆ. ಇದರಲ್ಲಿ ನೆಲದ ಮೇಲಿನ 1 ಕಿ.ಮೀ. ಕಾಗದದ ಮೇಲೆ 4 ಸೆಂ.ಮೀ. ಅಡುಗೆಮನೆ ಮೇಜಿನ ಮೇಲೆ ಹರಡಿ ನೋಡಿದಾಗಲೇ ನನಗೆ ಈ ಸೀಮೆ ಅರ್ಥವಾಗಿದ್ದು. ಕಿತ್ತಳೆ ಗೆರೆ ಬಿ ರಸ್ತೆ, ಅಂದರೆ ಹೆದ್ದಾರಿಗಿಂತ ಕೆಳಗಿನ ದರ್ಜೆಯದು. ಹಸಿರು ಚುಕ್ಕಿಗೆರೆ ಕಾಲುದಾರಿ, ಕುದುರೆ ದಾರಿ. ಇವೆರಡರ ನಡುವೆ ತೆಳುವಾದ ಹಳದಿ ಗೆರೆಗಳು. ಒಂದು ಕಾರು ಹಿಡಿಸುವಷ್ಟು ಅಗಲದ ಟಾರು ರಸ್ತೆಗಳವು. ಎರಡೂ ಕಡೆ ಬೇಲಿಗಿಡ, ಕೆಲವು ಕಡೆ ಟಾರಿನ ನಟ್ಟನಡುವೆ ಹುಲ್ಲು. ನಮ್ಮ ಸುತ್ತಾಟ ಇರಬೇಕಾದ್ದು ಈ ಹಳದಿಯಲ್ಲಿ. ಎಷ್ಟು ಕಿ.ಮೀ. ಆಯಿತು ಅನ್ನುವುದಕ್ಕಿಂತ ಎಷ್ಟು ಹಳದಿ ಸಿಕ್ಕಿತು ಅನ್ನುವುದೇ ನನಗೆ ಮುಖ್ಯ. ಗೆರೆಯ ಮೇಲೆ ಬಾಣದ ಗುರುತಿದ್ದರೆ ಅಲ್ಲಿ ಕಡಿದಾದ ಏರಿದೆ ಅಂತ. ಒಂದು ಬಾಣ ಅಂದರೆ 14ರಿಂದ 20 ಶೇಕಡಾ, ಎರಡು ಬಾಣ ಅಂದರೆ ಅದಕ್ಕೂ ಮೇಲೆ.

ನನಗೆ ತುಂಬಾ ಇಷ್ಟದ ಸುತ್ತು ಇದು: ಫಿಂಚಿಂಗ್‌ಫೀಲ್ಡ್‌ನಿಂದ ಗ್ರೇಟ್ ಬಾರ್ಡ್‌ಫೀಲ್ಡ್, ಲಿಟಲ್ ಬಾರ್ಡ್‌ಫೀಲ್ಡ್, ಥ್ಯಾಕ್ಸ್ಟೆಡ್, ಡೆಬ್ಡನ್, ಸ್ಯಾಫ್ರನ್ ವಾಲ್ಡನ್, ರ‍್ಯಾಡ್‌ವಿಂಟರ್, ಹೆಂಪ್‌ಸ್ಟೆಡ್, ಗ್ರೇಟ್ ಸ್ಯಾಂಪ್‌ಫೋರ್ಡ್, ಮತ್ತೆ ಕೊಳದ ಹತ್ತಿರಕ್ಕೆ. ಸುಮಾರು 45 ಕಿ.ಮೀ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಹೋಗುತ್ತೇನೆ. ಕಾರಣ ಗಾಳಿ. ಇಲ್ಲಿ ವರ್ಷದ ಬಹುಪಾಲು ಗಾಳಿ ನೈಋತ್ಯದಿಂದ ಬೀಸುತ್ತದೆ. ಥ್ಯಾಕ್ಸ್ಟೆಡ್ ಇರುವುದು ಪಶ್ಚಿಮಕ್ಕೆ. ಕಾಲಿನಲ್ಲಿ ಕಸುವಿರುವಾಗಲೇ ಗಾಳಿಗೆ ಎದೆ ಕೊಟ್ಟು ಹೋದರೆ, ಸುಸ್ತಾದ ಹೊತ್ತಿಗೆ ಸ್ಯಾಫ್ರನ್ ವಾಲ್ಡನ್ನಿನಿಂದ ಪೂರ್ವಕ್ಕೆ ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಇದನ್ನು ಒಂದು ಸಲ ಉಲ್ಟಾ ಮಾಡಿ ನೋಡಿದ್ದೆ. ಕೊನೆಯ ಗಂಟೆ ಮುಗಿಯಲೇ ಇಲ್ಲ.

ಮೊದಲ 3 ಕಿ.ಮೀ. ದೊಡ್ಡ ರಸ್ತೆಯೇ, ಪ್ಯಾಂಟ್ ಎಂಬ ಸಣ್ಣ ಹೊಳೆ ದಾಟುತ್ತದೆ. ಅಲ್ಲಿ ಇಳಿಜಾರು, ತಕ್ಷಣ ಏರು. ಚೆಲ್ಮ್ಸ್‌ಫರ್ಡಿನಲ್ಲಿರುವ ನನ್ನ ಗೆಳೆಯ ಮೊದಲ ಸಲ ಬಂದಾಗ ಇಲ್ಲೇ ಏದುಸಿರು ಬಿಟ್ಟು ಕೇಳಿದ್ದ: "ಎಸೆಕ್ಸ್ ಅಂದ್ರೆ ತಟ್ಟೆ ಹಂಗೆ ಸಮ ಅಂದಿದ್ಯಲ್ಲ, ಇದೇನೋ ಮಾರಾಯ?" ತಟ್ಟೆ ಹಾಗೆ ಸಮ ಅಂತ ನಾನು ಹೇಳಿದ್ದರಲ್ಲೂ ನಿಜವಿದೆ. ಇಡೀ ಎಸೆಕ್ಸಿನ ಅತಿ ಎತ್ತರದ ಜಾಗವೇ 147 ಮೀಟರ್. ನಾವಿಬ್ಬರೂ ತೀರ್ಥಹಳ್ಳಿ ಕಡೆಯವರು, ಘಟ್ಟ ನೋಡಿ ಬೆಳೆದವರು. ಆದರೆ ಇಲ್ಲಿ ಹಳ್ಳ ಬಂದಲ್ಲೆಲ್ಲ ಇಳಿದು ಏರಬೇಕು, ಮತ್ತೆ ಮುಂದಿನ ಹಳ್ಳ. ಚಿಕ್ಕ ಏರುಗಳೇ ಸೇರಿ ಸೇರಿ ಕಾಲು ಹಿಡಿಯುತ್ತವೆ. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಇಳಿಸಿಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಥ್ಯಾಕ್ಸ್ಟೆಡ್ ಹತ್ತಿರವಾದಂತೆ ಗೋಧಿ ಹೊಲದಾಚೆ ಚರ್ಚಿನ ಚೂಪು ಗೋಪುರ ಮೊದಲು ಕಾಣುತ್ತದೆ, ಆಮೇಲೆ 1804ರ ಗಾಳಿಗಿರಣಿ. ಇಲ್ಲಿ ನಾನು ಇಳಿದೇ ಇಳಿಯುತ್ತೇನೆ. ಸಂಗೀತ ರಚನೆಗಾರ ಗುಸ್ತಾವ್ ಹೋಲ್ಸ್ಟ್ ಈ ಊರಲ್ಲಿ ವಾಸವಿದ್ದರು. ಋಗ್ವೇದದ ಸೂಕ್ತಗಳಿಗೆ ರಾಗ ಹಾಕಬೇಕು ಅಂತ ಸಂಸ್ಕೃತ ಕಲಿತು, ತಾವೇ ಇಂಗ್ಲಿಷಿಗೆ ತಂದುಕೊಂಡವರು. ಅವರಿದ್ದ ಮನೆಯ ಮುಂದೆ ಬಾಳೆಹಣ್ಣು ಸುಲಿದು ತಿನ್ನುವಾಗ ನನಗೆ ಪ್ರತಿ ಸಲವೂ ಏನೋ ಒಂಥರಾ ಖುಷಿ.

ಡೆಬ್ಡನ್ ಗ್ರೀನ್ ಕಡೆಯ ಗಲ್ಲಿರಸ್ತೆಗಳೇ ಈ ಸುತ್ತಿನ ಜೀವ. ಕವಲಿನಲ್ಲಿ ಬಿಳಿ ಬಣ್ಣದ ಹಳೇ ಕೈಮರಗಳು. ಏಪ್ರಿಲ್ ಕೊನೆಗೆ ಎರಡೂ ಕಡೆ ರೇಪ್ ಎಂಬ ಎಣ್ಣೆಕಾಳು ಬೆಳೆಯ ಹಳದಿ, ನಮ್ಮ ಸಾಸಿವೆ ಹೊಲದ ಹಾಗೇ. ಆದರೆ ಪಂಚರ್ ಆಗುವುದೂ ಇಲ್ಲೇ. ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ರೈತರು ಟ್ರ್ಯಾಕ್ಟರಿನಲ್ಲಿ ಬೇಲಿ ಸವರುತ್ತಾರೆ. ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಮುಳ್ಳುಗಳು ರಸ್ತೆ ತುಂಬಾ ಬೀಳುತ್ತವೆ. ಅದರ ಜೊತೆಗೆ, ಮಳೆ ಬಂದಾಗ ಹೊಲದಿಂದ ಕೊಚ್ಚಿಕೊಂಡು ಬರುವ ಚಕಮಕಿ ಕಲ್ಲಿನ ಚೂರುಗಳು, ಬ್ಲೇಡಿನಷ್ಟು ಹರಿತ.

ಒಂದು ನವೆಂಬರಿನಲ್ಲಿ ಹಿಂದಿನ ಚಕ್ರ ಮೆತ್ತಗಾಯಿತು. ಹೊಲದ ಗೇಟಿಗೆ ಸೈಕಲ್ಲು ಒರಗಿಸಿ, ಚಕ್ರ ಬಿಚ್ಚಿ, ಟ್ಯೂಬು ಎಳೆದು ಗಾಳಿ ಹೊಡೆದೆ. ನಮ್ಮೂರ ಸೈಕಲ್ ಶಾಪಿನಲ್ಲಾದರೆ ಬೋಗುಣಿ ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ಇಲ್ಲಿ ನೀರೆಲ್ಲಿ? ಟ್ಯೂಬನ್ನು ತುಟಿಯ ಹತ್ತಿರ ನಿಧಾನಕ್ಕೆ ತಿರುಗಿಸಿದೆ. ಕೈಗೆ ಗೊತ್ತಾಗದ ಸಣ್ಣ ಗಾಳಿಯೂ ತುಟಿಗೆ ಗೊತ್ತಾಗುತ್ತದೆ. ಕವಾಟದಿಂದ ಗೇಣುದ್ದ ಆಚೆ ತಣ್ಣಗೆ ತಾಗಿತು. ಟೈರಿನಲ್ಲೂ ಅದೇ ಜಾಗ ಹುಡುಕಿದರೆ, ಕಪ್ಪು ಮುಳ್ಳಿನ ಮೊನೆ ಒಳಗೆ ಎಳ್ಳಿನಷ್ಟು ಇಣುಕುತ್ತಿತ್ತು. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದ್ದರೆ ಅದೂ ಹೋಗುತ್ತಿತ್ತು. ಅಂದಿನಿಂದ ಎರಡು ಟ್ಯೂಬು, ಒಂದು ಚಿಕ್ಕ ಚಿಮಟ ಯಾವಾಗಲೂ ಜೊತೆಗಿರುತ್ತವೆ. 25 ಮಿ.ಮೀ. ಟೈರು ಬಿಟ್ಟು 32ಕ್ಕೆ ಬಂದೆ, ಗಾಳಿಯನ್ನೂ ಕಮ್ಮಿ ಮಾಡಿದೆ. ಗುಂಡಿಬಿದ್ದ ಟಾರಿನಲ್ಲಿ ಬೆನ್ನಿಗೆ ಅದೆಷ್ಟು ಹಿತ!

ಇಷ್ಟು ಕಿರಿದಾದ ರಸ್ತೆಯಲ್ಲೂ ವೇಗದ ಮಿತಿ ಬಹಳ ಕಡೆ ಗಂಟೆಗೆ 60 ಮೈಲಿ. ಹಾಗಾಗಿ ಬೇಲಿಗೆ ಅಂಟಿಕೊಂಡು ಹೋಗಬಾರದು. ಬೇಲಿ ಪಕ್ಕ ಹೋದರೆ ತಿರುವಿನಾಚೆ ಬರುವವರಿಗೆ ನೀವು ಕಾಣುವುದಿಲ್ಲ. 2022ರ ಜನವರಿಯಲ್ಲಿ ತಿದ್ದಿದ ಹೈವೇ ಕೋಡ್ ಎಂಬ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಕೂಡ ಇಂಥ ಸದ್ದಿಲ್ಲದ ರಸ್ತೆಯಲ್ಲಿ ನಡುವೆ ಓಡಿಸಿ, ಹಿಂದೆ ವಾಹನ ಬಂದಾಗ ಸುರಕ್ಷಿತ ಅನಿಸಿದರೆ ಸರಿದು ಬಿಡಿ ಅನ್ನುತ್ತದೆ. ಗೇಟಿನ ಹತ್ತಿರ ನಿಂತು ದಾರಿ ಕೊಟ್ಟರೆ ಡ್ರೈವರು ಕೈ ಎತ್ತಿ ಹೋಗುತ್ತಾರೆ. ಆಗಸ್ಟಿನಲ್ಲಿ ಕಟಾವು ಯಂತ್ರ ಬಂದರೆ ಮಾತ್ರ ಇಡೀ ರಸ್ತೆ ಅದರದ್ದೇ, ನೀವು ಹೊಲಕ್ಕೇ ಇಳಿಯಬೇಕು. ಕುದುರೆ ಕಂಡರೆ ದೂರದಿಂದಲೇ "ಮಾರ್ನಿಂಗ್" ಅಂತ ಕೂಗಿ ವೇಗ ಇಳಿಸುತ್ತೇನೆ. ಸದ್ದಿಲ್ಲದೆ ಹಿಂದಿನಿಂದ ಬರುವ ಸೈಕಲ್ಲಿಗೆ ಕುದುರೆ ಬೆದರುತ್ತದೆ, ಕಾರಿಗಿಂತ ಜಾಸ್ತಿ.

ಸ್ಯಾಫ್ರನ್ ವಾಲ್ಡನ್ ಹೆಸರಲ್ಲೇ ಕೇಸರಿ ಇದೆ. ಒಂದು ಕಾಲಕ್ಕೆ ಇಲ್ಲಿ ಕೇಸರಿ ಬೆಳೆದು ಮಾರುತ್ತಿದ್ದರು. ಮಂಗಳವಾರ, ಶನಿವಾರ ಸಂತೆ. ಅಲ್ಲಿಂದ ಏರು ಹತ್ತಿ, ರ‍್ಯಾಡ್‌ವಿಂಟರ್ ದಾಟಿ ಹೆಂಪ್‌ಸ್ಟೆಡ್‌ಗೆ ಬಂದರೆ ಅಲ್ಲಿನ ಚರ್ಚಿನಲ್ಲಿ ವಿಲಿಯಂ ಹಾರ್ವೆ ಸಮಾಧಿ ಇದೆ. ಹೃದಯ ರಕ್ತವನ್ನು ಮೈಯೆಲ್ಲ ಸುತ್ತಿಸುತ್ತದೆ ಅಂತ ತೋರಿಸಿಕೊಟ್ಟ ವೈದ್ಯರು, ತೀರಿಕೊಂಡಿದ್ದು 1657ರಲ್ಲಿ. ಅದೇ ಹಳ್ಳಿಯಲ್ಲಿ ಹುಟ್ಟಿದ ಇನ್ನೊಬ್ಬ ಡಿಕ್ ಟರ್ಪಿನ್, ದಾರಿಗಳ್ಳ. 1739ರಲ್ಲಿ ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ಏರು ಹತ್ತಿ ಬಂದು ಚರ್ಚಿನ ಗೋಡೆಗೆ ಒರಗಿ ಕೂತಾಗ ಎದೆ ಇನ್ನೂ ಡವಡವ ಅನ್ನುತ್ತಿರುತ್ತದೆ. ಕುತ್ತಿಗೆಗೆ ಎರಡು ಬೆರಳಿಟ್ಟು ನಾಡಿ ಎಣಿಸುತ್ತೇನೆ, ಹಾರ್ವೆಯನ್ನು ನೆನೆಯುತ್ತೇನೆ. ಬಡಿತ ನೂರರ ಕೆಳಗೆ ಬಂದ ಮೇಲೆ ಎದ್ದು ಹೊರಡುವುದು.

ಮಾರ್ಚ್, ಏಪ್ರಿಲ್‌ನಲ್ಲಿ ಕೆಲವು ದಿನ ಗಾಳಿ ಪೂರ್ವದಿಂದ ಬೀಸುತ್ತದೆ, ಚಳಿ ಚುಚ್ಚುತ್ತದೆ. ಅಂಥ ಬೆಳಿಗ್ಗೆ ಈ ಸುತ್ತು ಬಿಟ್ಟು ಪೂರ್ವದ ಕಡೆಯ ಕ್ಯಾಸಲ್ ಹೆಡಿಂಗ್‌ಹ್ಯಾಮ್‌ಗೆ ಹೊರಡುತ್ತೇನೆ. ಹನ್ನೆರಡನೇ ಶತಮಾನದ ಕಲ್ಲಿನ ಕೋಟೆಗೋಪುರ ಅಲ್ಲಿ ಇನ್ನೂ ಗಟ್ಟಿಯಾಗಿ ನಿಂತಿದೆ. ಅಲ್ಲಿಗೆ ಹೋಗುವ ಹಳದಿ ಗೆರೆಗಳನ್ನು ಇನ್ನೂ ಪೂರ್ತಿ ಓಡಿಸಿ ಮುಗಿಸಿಲ್ಲ. ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬಂದಿದ್ದೇನೆ, ಏಳು ಉಳಿದಿವೆ.