ಹಳೇ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಮನೆಯಲ್ಲೇ ಬದಲಿಸಿದ ನನ್ನ ಅನುಭವ

ಬೆಳಗ್ಗೆ ಕಾರು ಹೊರಡಿಸುವಾಗ ಲಿವರನ್ನು ಪಾರ್ಕ್‌ನಿಂದ ಡ್ರೈವ್‌ಗೆ ತಂದರೆ ಎರಡು ಸೆಕೆಂಡು ಏನೂ ಆಗುತ್ತಿರಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ದಬ್ಬಿದ ಹಾಗೆ ಧಡ್ ಎಂದು ಗೇರ್ ಹಿಡಿಯುತ್ತಿತ್ತು. ಬಿಸಿಯಾದ ಮೇಲೆ ಸರಿಹೋಗುತ್ತಿದ್ದುದರಿಂದ ಕೆಲವು ತಿಂಗಳು ಸುಮ್ಮನಿದ್ದೆ. 18 ವರ್ಷದ ಕಾರು, ನಾಲ್ಕು ಗೇರಿನ ಆಟೊಮ್ಯಾಟಿಕ್, ಓಡಿದ್ದು 1,60,000 ಕಿ.ಮೀ. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಸರ್ವಿಸ್ ಪುಸ್ತಕದಲ್ಲಿ ಎಂಜಿನ್ ಆಯಿಲ್ ಬದಲಿಸಿದ ದಾಖಲೆ ಸಾಲುಸಾಲಾಗಿ ಇತ್ತು, ಗೇರ್‌ಬಾಕ್ಸಿನದು ಒಂದೂ ಇರಲಿಲ್ಲ.

ಒಂದು ದಿನ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಅದರ ತುದಿಯನ್ನು ಬಿಳಿ ಕಾಗದಕ್ಕೆ ಒತ್ತಿದೆ. ಹೊಸ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಮಾಣಿಕ್ಯದಂತೆ ಕೆಂಪಗೆ, ಪಾರದರ್ಶಕವಾಗಿರುತ್ತದೆ. ನನ್ನ ಕಾಗದದ ಮೇಲೆ ಬಿದ್ದದ್ದು ದಟ್ಟ ಕಂದು ಚುಕ್ಕೆ. ಅಂಚಿನಲ್ಲಿ ಮಾತ್ರ ತೆಳುವಾಗಿ ಕೆಂಪು ಹರಡಿಕೊಂಡಿತು. ಮೂಗಿನ ಹತ್ತಿರ ಹಿಡಿದರೆ ಹಳೇ ಎಣ್ಣೆಯ ವಾಸನೆ ಇತ್ತೇ ಹೊರತು ಸೀದ ವಾಸನೆ ಇರಲಿಲ್ಲ. ಅದೇ ನನಗೆ ಧೈರ್ಯ ಕೊಟ್ಟದ್ದು. ಕಪ್ಪಗಾಗಿ ಸೀದು ನಾರುತ್ತಿದ್ದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿವೆ ಎಂದೇ ಅರ್ಥ. ಗುಲಾಬಿ ಬಣ್ಣದ ಹಾಲಿನಂತೆ ಕಂಡಿದ್ದರೆ ರೇಡಿಯೇಟರಿನ ಕೂಲೆಂಟ್ ಒಳಗೆ ಸೇರಿದೆ ಎಂದು ಕಾರನ್ನೇ ನಿಲ್ಲಿಸಬೇಕಾಗುತ್ತಿತ್ತು.

"ಇಷ್ಟು ವರ್ಷ ಮುಟ್ಟಿಲ್ಲ ಅಂದ್ಮೇಲೆ ಈಗ ಮುಟ್ಟಬೇಡಿ ಸರ್, ಹೊಸ ಆಯಿಲ್ ಹಾಕಿದ್ರೆ ಗೇರ್‌ಬಾಕ್ಸ್ ಹೋಗುತ್ತೆ" ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದರು. ಈ ಮಾತನ್ನು ತಳ್ಳಿಹಾಕದೆ ಬಹಳ ಯೋಚಿಸಿದೆ. ಜನ ಸಾಮಾನ್ಯವಾಗಿ ಗೇರ್ ಜಾರಲು ಶುರುವಾದ ಮೇಲೆಯೇ ಆಯಿಲ್ ಬದಲಿಸಲು ಓಡುತ್ತಾರೆ. ಆ ಹೊತ್ತಿಗೆ ಪ್ಲೇಟುಗಳ ಮೇಲ್ಪದರ ಸವೆದು ಹೋಗಿರುತ್ತದೆ, ಕೆಲವೇ ದಿನಗಳಲ್ಲಿ ಗೇರ್‌ಬಾಕ್ಸ್ ಕೈಕೊಡುತ್ತದೆ, ಅಪವಾದ ಹೊಸ ಆಯಿಲ್‌ಗೆ ಬರುತ್ತದೆ. ನನ್ನ ಕಾರಿನಲ್ಲಿ ಜಾರುವಿಕೆ ಇರಲಿಲ್ಲ. ಎಂಜಿನ್ ವೇಗ ಏರಿ ಕಾರು ಮಾತ್ರ ಹಿಂದುಳಿಯುವ ಲಕ್ಷಣ ಒಮ್ಮೆಯೂ ಕಂಡಿರಲಿಲ್ಲ. ಇದ್ದದ್ದು ತಡ ಮತ್ತು ಒರಟುತನ. ಹಾಗಾಗಿ ಬದಲಿಸುವುದೇ ಸರಿ, ಆದರೆ ಒಂದೇ ಸಲಕ್ಕೆ ಎಲ್ಲವನ್ನೂ ಬಸಿಯದೆ ಹಂತಹಂತವಾಗಿ ಮಾಡೋಣ ಎಂದು ತೀರ್ಮಾನಿಸಿದೆ.

ಹಂತಹಂತ ಎನ್ನಲು ಇನ್ನೊಂದು ಕಾರಣ ಗೇರ್‌ಬಾಕ್ಸಿನ ರಚನೆಯಲ್ಲೇ ಇದೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ತಳದ ತಟ್ಟೆಯಾದ ಪ್ಯಾನ್‌ನಲ್ಲಿರುವುದು ಮಾತ್ರ ಇಳಿಯುತ್ತದೆ. ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ವಾಲ್ವ್ ಬಾಡಿ (ಆಯಿಲ್ ಒತ್ತಡವನ್ನು ಹಂಚಿ ಗೇರ್ ಬದಲಿಸುವ ಭಾಗ), ಕೂಲರ್ ಪೈಪುಗಳಲ್ಲಿ ಇರುವುದು ಅಲ್ಲೇ ಉಳಿಯುತ್ತದೆ. ನನ್ನ ಗೇರ್‌ಬಾಕ್ಸ್ ಹಿಡಿಯುವುದು ಒಟ್ಟು 8 ಲೀಟರ್, ಮೊದಲ ಸಲ ಹೊರಬಂದದ್ದು ಮೂರೂವರೆ. ಕೂಲರ್ ಪೈಪು ಬಿಚ್ಚಿ, ಎಂಜಿನ್ ಓಡಿಸಿ ಪೂರ್ತಿ ಹೊರಹಾಕುವ ವಿಧಾನವೂ ಇದೆ. ಆದರೆ ಹೊರಹೋಗುವ ವೇಗಕ್ಕೆ ಸರಿಯಾಗಿ ಹೊಸದನ್ನು ಸುರಿಯದಿದ್ದರೆ ಪಂಪ್ ಒಣಗಿ ತಿರುಗುತ್ತದೆ. ಮನೆಯಲ್ಲಿ ಮಾಡುವವನಿಗೆ ಬಸಿದು ತುಂಬಿಸುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಆಯಿಲ್ ಆಯ್ಕೆಗೆ ನಾನು ನಂಬಿದ್ದು ಡಿಪ್‌ಸ್ಟಿಕ್ ಮೇಲೆ ಕೊರೆದಿದ್ದ ಅಕ್ಷರಗಳನ್ನು ಮತ್ತು ಕಾರಿನ ಜೊತೆ ಬಂದ ಪುಸ್ತಕವನ್ನು, ಎರಡನ್ನೇ. ಡೆಕ್ಸ್‌ರಾನ್-3 ದರ್ಜೆಯ ಆಯಿಲ್ ಕೇಳುವ ಗೇರ್‌ಬಾಕ್ಸ್ ಬೇರೆ, ಟೊಯೋಟಾದ ಟಿ-4 ಬೇರೆ, ಅದೇ ಕಂಪನಿಯ ಡಬ್ಲ್ಯುಎಸ್ ಮತ್ತೂ ಬೇರೆ. ಗೇರುಗಳ ಬದಲು ಬೆಲ್ಟ್ ಬಳಸುವ ಸಿವಿಟಿ ಗೇರ್‌ಬಾಕ್ಸಿಗಂತೂ ಅದರದೇ ಆಯಿಲ್ ಬೇಕು. ಬಣ್ಣ ಕೆಂಪಗಿದೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಈ ಆಯಿಲ್ ಕೇವಲ ನುಣುಪು ಕೊಡುವುದಿಲ್ಲ: ಒತ್ತಡ ಸಾಗಿಸುತ್ತದೆ, ಶಾಖ ಹೊರುತ್ತದೆ, ಕ್ಲಚ್ ಪ್ಲೇಟುಗಳು ಎಷ್ಟು ಮೆತ್ತಗೆ ಹಿಡಿಯಬೇಕು ಎಂಬುದನ್ನೂ ಅದರೊಳಗಿನ ರಾಸಾಯನಿಕಗಳೇ ನಿರ್ಧರಿಸುತ್ತವೆ. ಆ ಹದಕ್ಕಾಗಿ 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಅದು ನಿಂತ ಮೇಲೆ ಬೇರೆ ರಾಸಾಯನಿಕಗಳನ್ನು ಹುಡುಕಿಕೊಂಡರು.

ಕೆಲಸದ ದಿನ ಹತ್ತು ನಿಮಿಷ ಕಾರು ಓಡಿಸಿ ಬಂದೆ. ಆಯಿಲ್ ಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ. ಕುದಿಯುವಷ್ಟು ಬಿಸಿಯಿದ್ದರೆ ಕೈ ಸುಡುತ್ತದೆ. ಸಮತಟ್ಟಾದ ಸಿಮೆಂಟ್ ನೆಲ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು, ಹ್ಯಾಂಡ್‌ಬ್ರೇಕ್, ಮುಂಭಾಗಕ್ಕೆ ಎರಡು ಜಾಕ್ ಸ್ಟ್ಯಾಂಡ್. ಬರೀ ಜಾಕ್ ನಂಬಿ ಯಾರೂ ಕಾರಿನ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಮೇಲೆ ಕೂರಿಸಿದ ನಂತರ ಕಾರನ್ನು ಜೋರಾಗಿ ಅಲ್ಲಾಡಿಸಿ ನೋಡಿಯೇ ಕೆಳಗೆ ನುಸುಳಿದೆ. ಹಾಗೆಯೇ, ಬಸಿಯುವ ಮೊದಲು ತುಂಬಿಸುವ ದಾರಿ ತೆರೆದಿದೆಯೇ ನೋಡಿಕೊಳ್ಳಬೇಕು. ನನ್ನದರಲ್ಲಿ ಡಿಪ್‌ಸ್ಟಿಕ್ ಪೈಪಿನಲ್ಲೇ ತುಂಬಿಸುವುದು, ತೊಂದರೆ ಇರಲಿಲ್ಲ. ತುಂಬಲು ಬೇರೆ ಬೋಲ್ಟ್ ಇರುವ ಕಾರಿನಲ್ಲಿ ಅದು ತುಕ್ಕು ಹಿಡಿದು ಕೂತಿದ್ದರೆ, ಇದ್ದ ಆಯಿಲ್ ಚೆಲ್ಲಿಕೊಂಡು ಕಾರು ನಿಂತಲ್ಲೇ ನಿಲ್ಲುತ್ತದೆ.

ಡ್ರೈನ್ ಬೋಲ್ಟಿನಿಂದ ಬಂದದ್ದು 3.1 ಲೀಟರ್. ಆಮೇಲೆ ಪ್ಯಾನ್ ಬಿಚ್ಚಿದೆ. ಒಂದು ಮೂಲೆಯ ಬೋಲ್ಟುಗಳನ್ನು ಕೊನೆಗೆ ಉಳಿಸಿಕೊಂಡು ಎದುರು ಮೂಲೆಯನ್ನು ಮೊದಲು ಬಾಗಿಸಿದರೆ ಉಳಿದ ಆಯಿಲ್ ಒಂದೇ ಕಡೆ ಬೀಳುತ್ತದೆ. ಪ್ಯಾನ್ ಮತ್ತು ಫಿಲ್ಟರ್ ಸೇರಿ ಇನ್ನೂ 0.4 ಲೀಟರ್ ಕೊಟ್ಟವು.

ಪ್ಯಾನ್ ತಳದಲ್ಲಿ ಎರಡು ಆಯಸ್ಕಾಂತಗಳಿದ್ದವು. ಅವೆರಡೂ ಬೂದು ಬಣ್ಣದ ತುಪ್ಪಳ ಹೊದ್ದ ಹಾಗೆ ಕಾಣುತ್ತಿದ್ದವು. ಬೆರಳಿನಿಂದ ಬಳಿದು ಹೆಬ್ಬೆರಳ ಜೊತೆ ತಿಕ್ಕಿ ನೋಡಿದೆ: ಕಾಡಿಗೆಯಷ್ಟು ನುಣ್ಣಗೆ, ಒಂದು ಹರಳೂ ಸಿಗಲಿಲ್ಲ. ಇಷ್ಟು ವರ್ಷದ ಸಹಜ ಸವೆತ ಅದು. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ ಗೇರ್‌ಬಾಕ್ಸ್ ಬಿಚ್ಚುವವರನ್ನು ಹುಡುಕುತ್ತಿದ್ದೆ. ಆಯಸ್ಕಾಂತಗಳನ್ನು ಒರೆಸಿ ಸ್ವಸ್ಥಾನದಲ್ಲೇ ಇಟ್ಟು, ಹೊಸ ಫಿಲ್ಟರ್, ಹೊಸ ಗ್ಯಾಸ್ಕೆಟ್ ಕೂರಿಸಿದೆ. ಒರೆಸಲು ನೂಲು ಬಿಡುವ ಬಟ್ಟೆ ಬಳಸಬಾರದು, ಒಂದು ಎಳೆ ವಾಲ್ವ್ ಬಾಡಿಯ ಸಣ್ಣ ರಂಧ್ರಕ್ಕೆ ಸಿಕ್ಕರೂ ಸಾಕು. ಪ್ಯಾನ್ ಬೋಲ್ಟುಗಳಿಗೆ ನನ್ನ ಪುಸ್ತಕ ಹೇಳಿದ ಬಿಗಿ 8 ನ್ಯೂಟನ್ ಮೀಟರ್ ಮಾತ್ರ, ಅಂದರೆ ಮಣಿಕಟ್ಟಿನ ಬಲ. ಇನ್ನೂ ಸ್ವಲ್ಪ ಇರಲಿ ಎಂದು ಬಿಗಿದರೆ ಪ್ಯಾನ್ ಅಂಚು ಬಾಗಿ ಅಲ್ಲೇ ಸೋರುತ್ತದೆ.

ಹಳೆಯದು ಆರಿದ ಮೇಲೆ ಮತ್ತೆ ಅಳೆದೆ. ಬಿಸಿಯಲ್ಲಿ ಆಯಿಲ್ ಹಿಗ್ಗಿರುತ್ತದೆ. ಮೂರೂವರೆ ಲೀಟರಿನಲ್ಲಿ ನೂರು ಮಿಲಿಲೀಟರಿಗೂ ಹೆಚ್ಚು ವ್ಯತ್ಯಾಸ ಬರಬಹುದು. ಆರಿದ ಅಳತೆಯಷ್ಟೇ ಹೊಸದನ್ನು ಉದ್ದ ಕೊಳವೆಯ ಲಾಳಿಕೆಯಲ್ಲಿ ನಿಧಾನವಾಗಿ ಇಳಿಸಿದೆ. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಪ್ರತಿ ಗೇರಿನಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ಪಾರ್ಕ್‌ಗೆ ತಂದೆ. ಮೊದಲ ಸಲ ಎಲ್ಲವೂ ಸುಸೂತ್ರ.

ತಪ್ಪು ಮಾಡಿದ್ದು 500 ಕಿ.ಮೀ. ಓಡಿಸಿದ ನಂತರದ ಎರಡನೇ ಸಲ. ಐದು ನಿಮಿಷ ಎಂಜಿನ್ ಓಡಿಸಿ ಡಿಪ್‌ಸ್ಟಿಕ್ ನೋಡಿದರೆ ಹಾಟ್ (ಬಿಸಿ ಆಯಿಲಿನ ಮಟ್ಟದ) ಗುರುತಿಗಿಂತ ಬೆರಳಗಲ ಕೆಳಗಿತ್ತು. ಕಡಿಮೆಯಾಯಿತು ಎಂದುಕೊಂಡು ಅರ್ಧ ಲೀಟರ್ ಸುರಿದುಬಿಟ್ಟೆ. ಅರ್ಧ ಗಂಟೆ ಓಡಿಸಿ ಬಂದು ನೋಡಿದರೆ ಮಟ್ಟ ಗುರುತು ದಾಟಿ ಮೇಲೇರಿತ್ತು. ಪ್ಯಾನ್‌ಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ: 76 ಡಿಗ್ರಿ. ಆಗ ಅರ್ಥವಾಯಿತು. ನಾನು ಮೊದಲು ನೋಡಿದಾಗ ಅದು ನಲವತ್ತನ್ನೂ ಮುಟ್ಟಿರಲಿಕ್ಕಿಲ್ಲ, ಹಾಟ್ ಗುರುತು ಇರುವುದು 70-80 ಡಿಗ್ರಿಗೆ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿ ಗಾಳಿ ಇರುವುದರಿಂದ ಒತ್ತಡ ಬೀಳುತ್ತದೆ, ಗೇರ್ ಜಾರುತ್ತದೆ. ದೊಡ್ಡ ಸಿರಿಂಜಿಗೆ ತೆಳು ಪೈಪು ಸಿಕ್ಕಿಸಿ, ಡಿಪ್‌ಸ್ಟಿಕ್ ದಾರಿಯಲ್ಲೇ ಅರ್ಧ ಲೀಟರನ್ನು ಎಳೆದು ತೆಗೆಯುವಷ್ಟರಲ್ಲಿ ಕತ್ತಲಾಗಿತ್ತು.

ಈಗ ನಾನು ಕನಿಷ್ಠ ಇಪ್ಪತ್ತು ನಿಮಿಷ ಓಡಿಸದೆ ಮಟ್ಟ ನೋಡುವುದಿಲ್ಲ. ಕಡ್ಡಿಯ ಎರಡೂ ಬದಿ ಬೇರೆ ಬೇರೆ ತೋರಿಸಿದರೆ ಕೆಳಗಿನ ಗುರುತನ್ನೇ ನಂಬುತ್ತೇನೆ, ಏಕೆಂದರೆ ಪೈಪಿನ ಗೋಡೆಗೆ ಅಂಟಿದ ಆಯಿಲ್ ಇನ್ನೊಂದು ಬದಿಗೆ ಬಳಿದುಕೊಂಡಿರುತ್ತದೆ. ನನ್ನದರಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹೋಂಡಾದ ಹಲವು ಹಳೇ ಕಾರುಗಳಲ್ಲಿ ಎಂಜಿನ್ ಆರಿಸಿ ಒಂದೂವರೆ ನಿಮಿಷದೊಳಗೆ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳಲ್ಲಿ ನಿಗದಿತ ಉಷ್ಣತೆಯಲ್ಲಿ ಬೋಲ್ಟ್ ತೆಗೆದು ಹೆಚ್ಚುವರಿ ಆಯಿಲ್ ಹನಿಯುವುದನ್ನು ಕಾಯಬೇಕು. ಉಷ್ಣತೆ ಓದುವ ಸ್ಕ್ಯಾನರ್ ಕೈಯಲ್ಲಿಲ್ಲದೆ ಅಂಥ ಕಾರಿಗೆ ನಾನು ಕೈ ಹಾಕಲಾರೆ.

ಇನ್ನೂ 500 ಕಿ.ಮೀ. ಆದ ಮೇಲೆ ಮೂರನೇ ಸಲ ಬಸಿದು ತುಂಬಿಸಿದೆ. ನನ್ನ ಲೆಕ್ಕದಲ್ಲಿ ಮೊದಲ ಸಲದ ನಂತರ ಒಳಗಿದ್ದ ಹಳೆಯದು ಶೇ. 56, ಎರಡನೆಯದರ ನಂತರ ಶೇ. 34, ಮೂರನೆಯದರ ನಂತರ ಶೇ. 21. ಮೂರು ಸಲ ಹೊರಬಂದದ್ದನ್ನು ಒಂದೊಂದು ಬಾಟಲಿಗೆ ಸ್ವಲ್ಪ ಹಾಕಿ ಕಿಟಕಿಯಲ್ಲಿಟ್ಟು ನೋಡಿದೆ. ಮೊದಲನೆಯದರಲ್ಲಿ ಬೆಳಕೇ ದಾಟುತ್ತಿರಲಿಲ್ಲ, ಎರಡನೆಯದು ಇಟ್ಟಿಗೆ ಬಣ್ಣ, ಮೂರನೆಯದರ ಹಿಂದೆ ಇಟ್ಟ ಬೆರಳು ಕೆಂಪಗೆ ಕಾಣುತ್ತಿತ್ತು. ಹಳೇ ಆಯಿಲ್ ಒಂದು ಹನಿಯನ್ನೂ ಚರಂಡಿಗೆ ಬಿಡದೆ, ಹೊಸದು ಬಂದಿದ್ದ ಕ್ಯಾನುಗಳಲ್ಲೇ ತುಂಬಿ, ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಒಪ್ಪಿಸಿದೆ.

ಬೆಳಗಿನ ಆ ಎರಡು ಸೆಕೆಂಡಿನ ತಡ ಎರಡನೇ ಬದಲಾವಣೆಯ ನಂತರವೇ ಕಡಿಮೆಯಾಗಿ, ಮೂರನೆಯದಕ್ಕೆ ಪೂರ್ತಿ ಹೋಯಿತು. ಎರಡರಿಂದ ಮೂರನೇ ಗೇರಿಗೆ ಹೋಗುವಾಗಿನ ಸಣ್ಣ ಜಗ್ಗು ಮಾತ್ರ ಇನ್ನೂ ಇದೆ, ತಣ್ಣಗಿರುವಾಗ. ಅದು ಹೆಚ್ಚಾಗುತ್ತಿದೆಯೇ ಎಂದು ತಿಂಗಳಿಗೊಮ್ಮೆ ಗಮನಿಸಿ, ಬಾನೆಟ್ ಒಳಗೆ ಅಂಟಿಸಿದ ಚೀಟಿಯಲ್ಲಿ ಕಿ.ಮೀ. ಜೊತೆ ಬರೆದಿಡುತ್ತಿದ್ದೇನೆ.